ಐನ್‌ಮನೆಯ ದೀಪಕ್ಕೆ ಕಾದ ವಿಳಾಸ

ಸಾಮಾಜಿಕ ಜಾಲತಾಣದ ಪೇಜಿಗೊಂದು ವಿಳಾಸ ಇಡುವುದು ಐದು ನಿಮಿಷದ ಕೆಲಸ ಎಂದು ನನ್ನ ಅಂಗಡಿಗೆ ಬರುವ ಗಂಡಸರೆಲ್ಲ ಹೇಳುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ. ಒಂದು ಖಾನೆಯಲ್ಲಿ ಹೆಸರು ಟೈಪ್ ಮಾಡಬೇಕು, ಅದು ಖಾಲಿ ಇದೆ ಎಂದು ಹಸಿರು ಗುರುತು ಬಂದರೆ ಒತ್ತಬೇಕು, ಮುಗಿಯಿತು. ಕಳೆದ ವರ್ಷ ಅದೇ ಐದು ನಿಮಿಷದ ಕೆಲಸಕ್ಕೆ ನನಗೆ ಹನ್ನೆರಡು ದಿನ ಹಿಡಿಯಿತು. ಅದರಲ್ಲಿ ಹತ್ತು ದಿನ ದೊಡ್ಡ ಮನುಷ್ಯರ ದೊಡ್ಡತನಕ್ಕೆ ಹೋಯಿತು, ಉಳಿದದ್ದು ನಾನೇ ಮಾಡಿದ ಒಂದು ತಪ್ಪನ್ನು ಸರಿಪಡಿಸಲು.

ನನ್ನ ಅಂಗಡಿ ಪೊನ್ನಂಪೇಟೆಯಲ್ಲಿ, ಸರ್ಕಾರಿ ಕಚೇರಿಗಳಿಂದ ನಾಲ್ಕು ಹೆಜ್ಜೆ. ಜೆರಾಕ್ಸು, ಅರ್ಜಿ ಟೈಪಿಂಗು, ಲ್ಯಾಮಿನೇಷನ್ನು. ಇತ್ತೀಚೆಗೆ ಹೋಂಸ್ಟೇಗಳ ಪೇಜು, ಕಾಫಿಪುಡಿ ಪೊಟ್ಟಣದ ಲೇಬಲ್ಲು. ಗಿರಾಕಿಗಳಿಗೆ ಇರುವುದು ಒಂದೇ ಕುರ್ಚಿ. ಈ ಕುರ್ಚಿಯ ಮಾತು ಮುಂದೆ ಬರುತ್ತದೆ.

ಒಂದು ಶುಕ್ರವಾರ ಬೆಳಿಗ್ಗೆ ತಿತಿಮತಿ ಕಡೆಯ ಅಕ್ಕ ಒಬ್ಬರು ಬಟ್ಟೆ ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಾಚಂಪುಳಿ. ಹುಳಿಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಮಾಡುವುದು, ಇಲ್ಲಿಯವರ ಹಂದಿ ಸಾರಿಗೆ, ಮೀನು ಸಾರಿಗೆ ಅದಿಲ್ಲದೆ ಆಗುವುದಿಲ್ಲ. ನಾನು ಶನಿವಾರಸಂತೆ ಕಡೆಯ ಲಿಂಗಾಯತರವಳು. ಅದರ ರುಚಿ ನನಗೆ ಗೊತ್ತಿಲ್ಲ. ಆದರೆ ಲೇಬಲ್ ಕೆಟ್ಟದಾಗಿದ್ದರೆ ಗೊತ್ತಾಗುತ್ತದೆ. ಅದು ಕೆಟ್ಟದಾಗಿತ್ತು. ಮಧ್ಯದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಫೋನ್ ನಂಬರು, ಅದರ ಕೆಳಗೆ ಪೇಜಿನ ವಿಳಾಸ ಎಂದು ಹದಿನೈದು ಅಂಕಿಗಳ ಒಂದು ಸಾಲು. ಪೇಜು ತೆರೆದಾಗ ಜಾಲತಾಣ ತಾನಾಗಿ ಕೊಡುವ ವಿಳಾಸ ಅದು. ಅದನ್ನು ಓದಿ ಹೇಳುವುದಕ್ಕೂ ಆಗುವುದಿಲ್ಲ, ಕೇಳಿ ಬರೆದುಕೊಳ್ಳುವುದಕ್ಕೂ ಆಗುವುದಿಲ್ಲ.

"ಹೊಸ ಲೇಬಲ್ ಮಾಡ್ಬೇಕು. ಇದ್ರಲ್ಲಿ ನಂಬರ್ ಬೇಡ, ಪೇಜ್ ಮಾತ್ರ ಸಾಕು" ಅಂದರು.

"ನಂಬರ್ ಇಲ್ದೆ ಗಿರಾಕಿ ನಿಮ್ಮನ್ನ ಹೆಂಗೆ ಹುಡುಕ್ತಾರಕ್ಕ?"

"ಅದು ನಮ್ಮವರ ನಂಬರ್. ಅವರು ತೀರಿಹೋಗಿ ಒಂದೂವರೆ ವರ್ಷ ಆಯ್ತು. ದಿನಕ್ಕೆ ಮೂರು ಜನ ಫೋನ್ ಮಾಡಿ 'ಅಣ್ಣ ಇದ್ದಾರಾ' ಅಂತ ಕೇಳ್ತಾರೆ. ಮೂರು ಸಲ ಇಲ್ಲ ಅಂತ ಹೇಳ್ಬೇಕು ನಾನು. ಅವ್ರು ಅಯ್ಯೋ ಪಾಪ ಅಂತಾರೆ. ಆಮೇಲೆ ಬಾಟ್ಲಿಗೆ ಎಷ್ಟು ಅಂತಾರೆ." ಬಾಟಲಿಯನ್ನು ನನ್ನ ಕಡೆ ಸರಿಸಿದರು. "ಸಾಕಾಯ್ತು ನಂಗೆ. ಒಂದ್ಸಲ ಹೇಳಿದ್ರೆ ನೆನಪಲ್ಲಿ ಉಳಿಯುವಂಥ ವಿಳಾಸ ಮಾಡಿ ಕೊಡಿ. ಅವರ ಫೋನ್ ಆಫ್ ಮಾಡಿ ಇಡ್ತೇನೆ."

ಮೈಸೂರಿನ ಅಂಗಡಿಯೊಂದು ಮೊದಲ ಸಲ ಅವರ ಬಾಟಲಿಗಳನ್ನು ತೆಗೆದುಕೊಳ್ಳಲು ಒಪ್ಪಿತ್ತು. ಲೇಬಲ್ಲಿನ ಫೈಲು ಮುಂದಿನ ವಾರ ದಾಟಿ ಬರುವ ಮಂಗಳವಾರ ಸಂಜೆ ಐದರೊಳಗೆ ಪ್ರೆಸ್ಸಿಗೆ ಹೋಗಬೇಕು. ತಡವಾದರೆ ಆ ಅಂಗಡಿಯ ಕಪಾಟಿನ ಜಾಗ ಇನ್ನೊಬ್ಬರಿಗೆ.

ಈ ಕೆಲಸಕ್ಕೆ ನನ್ನದೊಂದು ಕ್ರಮವಿದೆ. ವಿಳಾಸದಲ್ಲಿ ಐದು ಅಕ್ಷರಕ್ಕಿಂತ ಕಡಿಮೆ ಇರಬಾರದು, ನಡುವೆ ಜಾಗ ಬಿಡಬಾರದು, ಜಗತ್ತಿನಲ್ಲಿ ಬೇರೆ ಯಾರೂ ಅದನ್ನು ಇಟ್ಟುಕೊಂಡಿರಬಾರದು. ಇವು ಜಾಲತಾಣದ ನಿಯಮ. ನನ್ನ ನಿಯಮ ಒಂದೇ, ಅದಕ್ಕೆ ಟೀ ಪರೀಕ್ಷೆ ಎಂದು ಹೆಸರಿಟ್ಟಿದ್ದೇನೆ. ಅಂಗಡಿ ಎದುರಿನ ಸ್ಟ್ಯಾಂಡಿನ ಆಟೋದವರು ಒಬ್ಬರು ಮಲಯಾಳ ಮಾತಾಡುವವರು. ಟೀ ಅಂಗಡಿಯಮ್ಮ ತಮಿಳು. ಪಕ್ಕದಲ್ಲಿ ಬೀಗದ ಕೈ ಮಾಡುವ ಸಾಬರು ಉರ್ದು. ವಿಳಾಸವನ್ನು ಅವರಿಗೆ ಒಂದೇ ಸಲ ಹೇಳುತ್ತೇನೆ. ಅವರು ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ ಏನು ಹೇಳಿದ್ದೆ ಎಂದು ಕೇಳುತ್ತೇನೆ. ಮೂವರೂ ಹೇಳಿದರೆ ವಿಳಾಸ ಪಾಸು. ಇಷ್ಟು ಸರಳವಾದ ಪರೀಕ್ಷೆಯಲ್ಲಿ ಈ ತಾಲ್ಲೂಕಿನ ಎಷ್ಟು ಹೋಂಸ್ಟೇಗಳು ಫೇಲಾಗಿವೆ ಎಂದು ಹೇಳಿದರೆ ನನಗೆ ಬರುವ ಗಿರಾಕಿಯೂ ಬರಲಿಕ್ಕಿಲ್ಲ.

ನಾಲ್ಕಾರು ಹೆಸರು ಯೋಚಿಸಿಟ್ಟುಕೊಂಡು ಮಂಗಳವಾರ ಬನ್ನಿ ಎಂದು ಅಕ್ಕನನ್ನು ಕಳಿಸಿದೆ. ಮಂಗಳವಾರ ಬಂದರು, ಒಬ್ಬರೇ ಬರಲಿಲ್ಲ.

ನಾಲ್ಕು ಗಂಟೆ ಹೊತ್ತಿಗೆ ಅಂಗಡಿ ಎದುರು ಜೀಪು ನಿಂತಿತು. ಮುಂದಿನ ಸೀಟಿನಿಂದ ಮೇಜರ್ ಇಳಿದರು. ಅಕ್ಕನ ಗಂಡನ ಅಣ್ಣ. ಸೈನ್ಯದಿಂದ ನಿವೃತ್ತರಾದಾಗ ಅವರ ಹುದ್ದೆ ಯಾವುದಿತ್ತೋ ನನಗೆ ಗೊತ್ತಿಲ್ಲ. ಊರವರೆಲ್ಲ ಮೇಜರ್ ಅನ್ನುತ್ತಾರೆ, ಅವರು ಬೇಡ ಅನ್ನುವುದಿಲ್ಲ. ಹಿಂದೆಯೇ ಅವರ ಅಳಿಯ, ಮೈಸೂರಿನಲ್ಲಿ ಬ್ರ್ಯಾಂಡಿಂಗ್ ಎಂಬ ಕೆಲಸ ಮಾಡುವವನು. ಆ ಕೆಲಸ ಏನೆಂದು ಅವನನ್ನು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಅವನು ಕಿಟಕಿಯಾಚೆ ನೋಡುತ್ತ ಉತ್ತರ ಕೊಟ್ಟ. ಕೊನೆಗೆ ಜೀಪಿನ ಹಿಂಬದಿಯಿಂದ ಅಕ್ಕ ಇಳಿದರು. ಮೇಜರ್ ಕುರ್ಚಿಯಲ್ಲಿ ಕೂತರು. ಅಳಿಯ ನನ್ನ ಲ್ಯಾಮಿನೇಷನ್ ಮಿಷನ್ನಿಗೆ ಒರಗಿದ. ಕೆಲಸ ಯಾರದೋ ಆ ಅಕ್ಕ ಬಾಗಿಲ ಬಳಿ ನಿಂತರು.

"ನೋಡಮ್ಮಾ, ಇಷ್ಟು ದಿನ ಇವಳು ಅಡುಗೆಮನೇಲಿ ಏನೋ ಮಾಡ್ತಿದ್ಲು, ನಾವು ಕೇಳ್ಲಿಲ್ಲ. ಈಗ ಮೈಸೂರಿನ ಅಂಗಡಿಗೆ ಹೋಗ್ತದೆ ಅಂದ್ರೆ ಅದು ಮನೆತನದ ವಿಷಯ. ನಮ್ಮ ಮನೆಹೆಸರೇ ಇರ್ಬೇಕು" ಅಂದರು ಮೇಜರ್.

ಕೊಡವರಲ್ಲಿ ಮನೆಹೆಸರು ಒಬ್ಬರ ಸೊತ್ತಲ್ಲ. ಒಂದೇ ಹಿರಿಯನಿಂದ ಕವಲೊಡೆದ ಎಲ್ಲ ಮನೆಗಳೂ ಸೇರಿ ಒಂದು ಒಕ್ಕ, ಒಕ್ಕಕ್ಕೆಲ್ಲ ಒಂದೇ ಹೆಸರು. ಇವರ ಒಕ್ಕವಂತೂ ವಿರಾಜಪೇಟೆಯಿಂದ ಹಿಡಿದು ಕೊಲ್ಲಿ ದೇಶಗಳವರೆಗೆ ಹರಡಿದೆ. ಹೆಸರು ಚಿಕ್ಕದಾಗಿತ್ತು, ಬಾಯಿಗೆ ಸಿಗುವಂತಿತ್ತು, ನನ್ನ ತಕರಾರೇನೂ ಇರಲಿಲ್ಲ. ಟೈಪ್ ಮಾಡಿ ನೋಡಿದೆ. ನಂಬಲಾಗಲಿಲ್ಲ, ಹೆಸರು ಖಾಲಿ ಇತ್ತು.

"ಸರ್, ಸಿಗ್ತಾ ಇದೆ. ಒತ್ತಿಬಿಡ್ಲಾ?"

ಮೇಜರ್ ಕೈ ಎತ್ತಿದರು. ಟ್ರಾಫಿಕ್ ಪೊಲೀಸರು ಹಾಗೆ ಎತ್ತುತ್ತಾರೆ. "ಎಂತ ಅವಸರ? ಒಕ್ಕದ ಹೆಸರು ಹಾಗೆಲ್ಲ ಜೆರಾಕ್ಸ್ ಅಂಗಡೀಲಿ ಕೂತು ತೆಗೊಳ್ಳುದಲ್ಲ. ಎಲ್ಲರಿಗೂ ತಿಳಿಸ್ಬೇಕು. ಐನ್‌ಮನೇಲಿ ದೀಪ ಹಚ್ಚಿ, ಕಾರಣವರಿಗೆ ಹೇಳಿ, ಆಮೇಲೆ. ಬರುವ ವಾರ ಗುರುವಾರ ಒಳ್ಳೆ ಮುಹೂರ್ತ ಉಂಟು. ನೀವು ಲ್ಯಾಪ್‌ಟಾಪ್ ತೆಗೊಂಡು ಅಲ್ಲಿಗೇ ಬನ್ನಿ."

ಐನ್‌ಮನೆ ಎಂದರೆ ಒಕ್ಕದ ಮೂಲಮನೆ. ಮದುವೆಯಿಂದ ಹಿಡಿದು ಗದ್ದೆ ತಕರಾರಿನವರೆಗೆ ಏನಿದ್ದರೂ ಅಲ್ಲಿಯ ತೂಗುದೀಪದ ಮುಂದೆ ನಿಂತು, ಕಾರಣವರಿಗೆ, ಎಂದರೆ ತೀರಿಹೋದ ಹಿರಿಯರಿಗೆ, ತಿಳಿಸಿಯೇ ಮಾಡುವುದು. ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ನಮ್ಮಪ್ಪ ರಾಹುಕಾಲದಲ್ಲಿ ಅಂಗಡಿಯ ಬೀಗ ಕೂಡ ತೆಗೆಯುತ್ತಿರಲಿಲ್ಲ, ನಾನೂ ಅದನ್ನು ಕಲಿತೇ ಬೆಳೆದವಳು. ಆದರೆ ಹಿರಿಯರು ಎಲ್ಲಿಗೂ ಹೋಗುವುದಿಲ್ಲ, ಹೆಸರು ಹೋಗುತ್ತದೆ. ಮೊದಲು ಒತ್ತಿದವರದ್ದು ಹೆಸರು ಎಂದು ಎರಡು ಸಲ ಹೇಳಿದೆ. ಗುರುವಾರ ಎಂದರೆ ಲೇಬಲ್ಲಿನ ಗಡುವು ಮುಗಿದು ಎರಡು ದಿನ ಎಂದೂ ಹೇಳಿದೆ. "ಪ್ರೆಸ್ಸಿನವ್ನಿಗೆ ನಾನು ಹೇಳ್ತೇನೆ" ಅಂದರು ಮೇಜರ್. ಆ ಪ್ರೆಸ್ಸು ಯಾವ ಬೀದಿಯಲ್ಲಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದು ನನ್ನ ತಪ್ಪು. ಅಳಿಯ ಮಿಷನ್ ಬಿಟ್ಟು ನನ್ನ ಪರದೆಯ ಹತ್ತಿರ ಬಂದು, "ಮಾವನ್ನ ಅಡ್ಮಿನ್ ಮಾಡಿ. ಫುಲ್ ಕಂಟ್ರೋಲ್" ಅಂದ. ಅಕ್ಕನ ಲಾಗಿನ್ ನನ್ನ ಪರದೆಯ ಮೇಲೆ ತೆರೆದೇ ಇತ್ತು. ಪೂರ್ತಿ ಅಧಿಕಾರ ಇರುವವರು ಪೇಜಿನಲ್ಲಿ ಏನು ಬೇಕಾದರೂ ಬರೆಯಬಹುದು, ಹೆಸರು ಬದಲಿಸಬಹುದು, ಬೇರೆಯವರನ್ನು ಹೊರಗೆ ಹಾಕಬಹುದು. ಪೇಜು ತೆರೆದವರನ್ನೂ. ಇದೆಲ್ಲ ನನಗೆ ಗೊತ್ತು, ಇದೇ ನನ್ನ ಕಸುಬು. ಆದರೂ ಬಾಗಿಲ ಕಡೆ ತಿರುಗಿ "ಸೇರಿಸ್ಲಾ ಅಕ್ಕ?" ಎಂದು ಒಂದು ಮಾತು ಕೇಳಲಿಲ್ಲ. ಕೂತವರು ಹೇಳಿದರು, ನಿಂತವರು ಸುಮ್ಮನಿದ್ದರು, ನಾನು ಸೇರಿಸಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅವತ್ತೇ ಸಂಜೆ ಮೇಜರ್ ಒಕ್ಕದ ವಾಟ್ಸ್ಯಾಪ್ ಗುಂಪಿನಲ್ಲಿ ಉದ್ದದ ಪ್ರಕಟಣೆ ಹಾಕಿದರು. ನಮ್ಮ ಒಕ್ಕದ ಹೆಸರನ್ನು ಜಾಲತಾಣದಲ್ಲಿ ವಿಳಾಸವಾಗಿ ಪಡೆಯಲು ನಿರ್ಧರಿಸಲಾಗಿದೆ, ಹೆಸರು ಸದ್ಯ ಖಾಲಿ ಇರುತ್ತದೆ, ಗುರುವಾರ ಬೆಳಿಗ್ಗೆ ಹತ್ತೂವರೆಗೆ ಐನ್‌ಮನೆಯಲ್ಲಿ ಪಡೆಯಲಾಗುವುದು, ಅಲ್ಲಿಯವರೆಗೆ ಯಾರೂ ಪಡೆಯಬಾರದಾಗಿ ವಿನಂತಿ. ಮನೆಯ ಬೀಗ ಹಾಕಿಲ್ಲ, ದಯವಿಟ್ಟು ಯಾರೂ ಒಳಗೆ ಹೋಗಬೇಡಿ ಎಂದು ಬಾಗಿಲಿಗೆ ಚೀಟಿ ಅಂಟಿಸುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬುಧವಾರ ಬೆಳಿಗ್ಗೆ ಅಂಗಡಿ ತೆರೆದವಳೇ ಹೆಸರು ಹಾಕಿ ನೋಡಿದೆ. ಕೆಂಪು ಗುರುತು ಬಂತು. ಹೆಸರಿನ ಮುಂದೆ ಕೂರ್ಗ್ ಸೇರಿಸಿದೆ, ಕೆಂಪು. ಫ್ಯಾಮಿಲಿ ಸೇರಿಸಿದೆ, ಕೆಂಪು. ಎಸ್ಟೇಟ್, ಕೆಂಪು. ಕೊನೆಗೆ ಹೆಸರಿನ ಮುಂದೆ ಅಫಿಶಿಯಲ್ ಎಂದು ಹಾಕಿದೆ. ಅದೂ ಹೋಗಿತ್ತು.

ಕಳ್ಳರು ಯಾರೂ ಹೊರಗಿನವರಲ್ಲ. ಮೇಜರ್‌ಗೆ ಫೋನ್ ಮಾಡಿ ಹೇಳಿದೆ, ಅವರು ಗುಂಪಿನಲ್ಲಿ ವಿಚಾರಣೆ ಶುರು ಮಾಡಿದರು, ಅರ್ಧ ಗಂಟೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಒಪ್ಪಿಕೊಂಡರು. ಬಾಡಿಗೆ ಜೀಪು ಓಡಿಸುವ ದಾಯಾದಿಯೊಬ್ಬರು ಮೂಲ ಹೆಸರನ್ನೇ ತೆಗೆದುಕೊಂಡಿದ್ದರು, "ಬೇರೆ ಯಾರೂ ಹೊಡ್ಕೊಳ್ಬಾರ್ದು ಅಂತ." ಕೊಲ್ಲಿಯಲ್ಲಿರುವವರು ಕೂರ್ಗ್ ಸೇರಿಸಿದ್ದನ್ನು ತೆಗೆದಿಟ್ಟಿದ್ದರು, ಒಕ್ಕದ ಭದ್ರತೆಗಾಗಿ. ಎಸ್ಟೇಟ್ ಸೇರಿಸಿದವರಿಗೆ ಎಸ್ಟೇಟೇ ಇರಲಿಲ್ಲ. ಅಫಿಶಿಯಲ್ ಇಟ್ಟುಕೊಂಡವರು ಬ್ಯಾಂಕಿನಿಂದ ನಿವೃತ್ತರು, ಪಾಸ್‌ವರ್ಡ್ ಮರೆತಿದ್ದರು. ಎಲ್ಲರೂ ಮೇಜರ್ ಪ್ರಕಟಣೆ ಓದಿದ ಮೇಲೆಯೇ ಎದ್ದು ಹೋಗಿ ಹೆಸರು ಕಾಪಾಡಿದವರು. ಎಲ್ಲರೂ ಬಿಟ್ಟುಕೊಡಲು ಸಿದ್ಧ, ಆದರೆ ಮೊದಲು ಉಳಿದವರು ಬಿಡಬೇಕು. ಹೆಸರಿನ ಮೇಲೆ ನನಗೆಷ್ಟು ಹಕ್ಕೋ ನಿನಗೂ ಅಷ್ಟೇ ಎಂದು ಒಬ್ಬರು ಬರೆದರು. ಅದಕ್ಕೆ ಇಪ್ಪತ್ತು ಜನ ಕೈ ಮುಗಿಯುವ ಚಿತ್ರ ಹಾಕಿದರು. ಶುಕ್ರವಾರದ ಹೊತ್ತಿಗೆ ವಿಷಯವನ್ನು ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲರೂ ಸೇರಿದಾಗ ಕೂತು ತೀರ್ಮಾನಿಸುವುದೆಂದು ಗುಂಪು ನಿರ್ಣಯ ಮಾಡಿತು. ಹಬ್ಬಕ್ಕೆ ಇನ್ನೂ ಐದು ತಿಂಗಳಿತ್ತು.

ಇದನ್ನೆಲ್ಲ ನಾನು ಓದಿದ್ದು ಶನಿವಾರ, ಅಕ್ಕ ಚೀಲದಿಂದ ತೆಗೆದು ಕೊಟ್ಟ ಹಳೆಯ ಫೋನಿನಲ್ಲಿ. ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು. ಅವರ ಗಂಡನ ಫೋನು.

"ನಿಮ್ಮ ಫೋನಲ್ಲಿ ಗುಂಪಿಲ್ವಾ ಅಕ್ಕ?"

"ನನ್ನ ಯಾರೂ ಸೇರಿಸ್ಲಿಲ್ಲ. ಇವರ ನಂಬರ್ ಉಂಟಲ್ಲ, ಅದ್ರಲ್ಲೇ ನೋಡ್ತೇನೆ."

"ನಿಮ್ಮ ನಂಬರ್ ಯಾರ ಹತ್ರ ಇದೆ ಹಂಗಾದ್ರೆ?"

"ನನ್ನ ತಂಗಿ ಹತ್ರ. ಬಸ್ಸಿನ ಕಂಡಕ್ಟರ್ ಹತ್ರ." ಯೋಚಿಸಿ, "ಈಗ ನಿಮ್ಮ ಹತ್ರ" ಅಂದರು.

ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ. ಒಕ್ಕದ ಹೆಸರನ್ನು ರಾತ್ರೋರಾತ್ರಿ ಕಾಪಾಡಲು ಎದ್ದ ಮಹಾನುಭಾವರಲ್ಲಿ ಒಬ್ಬರಿಗೂ ಈ ಹೆಂಗಸಿನ ಫೋನ್ ನಂಬರು ಬೇಕಾಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನನ್ನ ಸಿಟ್ಟಿನಿಂದ ಲೇಬಲ್ಲಿಗೆ ಏನೂ ಆಗುವುದಿರಲಿಲ್ಲ.

ಸೋಮವಾರ ಅಳಿಯ ಬಂದ, ಲ್ಯಾಪ್‌ಟಾಪ್ ಸಮೇತ. ಒಕ್ಕದ ಹೆಸರು ಕೈತಪ್ಪಿದೆ, ಪರವಾಗಿಲ್ಲ, ತಾನು ಬೇರೆ ದಾರಿ ಹುಡುಕಿದ್ದೇನೆ ಎಂದ. ಹದಿನೆಂಟು ಸ್ಲೈಡು. ಮೊದಲ ಸ್ಲೈಡಿನಲ್ಲಿ ಮಂಜು, ಎರಡನೆಯದರಲ್ಲಿ ಎಲೆಯ ಮೇಲೊಂದು ಹನಿ. ಹನ್ನೊಂದನೆಯದಕ್ಕೆ ಬಂದಾಗ ವಿಳಾಸ ಕಾಣಿಸಿತು: ದಿ ಹೆರಿಟೇಜ್ ಪಾಟ್ ಆಫ್ ಕೂರ್ಗ್. ಎಲ್ಲ ಒಟ್ಟಿಗೆ, ಜಾಗ ಬಿಡದೆ.

"ಇದು ಸಿಗ್ತಾ ಇದೆ, ನೋಡಿದೀನಿ" ಅಂದ.

ಸಿಗದೆ ಏನು? ಅದನ್ನು ಬೇಕು ಅನ್ನುವವರು ಜಗತ್ತಿನಲ್ಲಿ ಇನ್ನೊಬ್ಬರು ಇರಬೇಕಲ್ಲ. ಅವನೆದುರೇ ಟೀ ಪರೀಕ್ಷೆ ಮಾಡಿದೆ. ಬೀಗದ ಸಾಬರು ಲೋಟ ಕೆಳಗಿಟ್ಟು, "ಅದೇನೋ ಪಾಟ್ ಅಂದ್ರಲ್ಲ" ಅಂದರು. ಟೀ ಅಂಗಡಿಯಮ್ಮ ನಕ್ಕುಬಿಟ್ಟರು. ಆಟೋದವರು ನನ್ನ ಮುಖ ನೋಡಿ, "ಎಂತ ಚೇಚಿ, ಇನ್ನೊಂದ್ ಸಲ ಹೇಳಿ" ಅಂದರು. ಅಳಿಯ ಲ್ಯಾಪ್‌ಟಾಪ್ ಮುಚ್ಚಿದ. ಇವರು ನಮ್ಮ ಟಾರ್ಗೆಟ್ ಅಲ್ಲ ಎಂದ. ಕಾಚಂಪುಳಿ ಕೊಳ್ಳುವವರು ಇವರಂಥವರೇ ಎಂದು ಅವನಿಗೆ ಯಾರಾದರೂ ಹೇಳಬೇಕಿತ್ತು. ಹೇಳುವ ಕೆಲಸ ನನ್ನದಲ್ಲ ಅಂದುಕೊಂಡೆ.

ಹೊರಡುವಾಗ ಅವನೊಂದು ಮಾತು ಹೇಳಿದ. "ನಾಳೆ ಸಂಜೆಗೆ ಹೇಗೂ ಒಂದು ವಾರ ಆಗ್ತದೆ. ಆಮೇಲೆ ನಾವೇ ನೋಡ್ಕೋತೀವಿ. ಮಾವ ಹೇಳಿದಾರೆ, ಪೇಜ್ ಅವರ ಕೈಲೇ ಇರ್ಲಿ ಅಂತ. ಚಿಕ್ಕತ್ತೆಗೆ ಇದೆಲ್ಲ ಯಾಕೆ ಟೆನ್ಷನ್."

ಅವನು ಹೋದ ಮೇಲೆ ನನಗೆ ಅರ್ಥವಾಯಿತು. ಆ ಜಾಲತಾಣದಲ್ಲಿ ಹೊಸದಾಗಿ ಪೂರ್ತಿ ಅಧಿಕಾರ ಪಡೆದವರು ಮೊದಲ ಏಳು ದಿನ ಬೇರೆಯವರನ್ನು ತೆಗೆಯುವಂತಿಲ್ಲ. ಏಳು ದಿನ ಕಳೆದರೆ ಯಾರನ್ನು ಬೇಕಾದರೂ ತೆಗೆಯಬಹುದು. ಮೇಜರ್ ಅವರನ್ನು ನಾನು ಸೇರಿಸಿದ್ದು ಕಳೆದ ಮಂಗಳವಾರ ನಾಲ್ಕೂ ಹತ್ತಕ್ಕೆ. ಅಂದರೆ ನಾಳೆ ನಾಲ್ಕೂ ಹತ್ತರ ಮೇಲೆ ಅವರು ಮನಸ್ಸು ಮಾಡಿದರೆ ಅಕ್ಕ ಹೊರಗೆ. ಗಿರಾಕಿಗಳು, ಅವರು ಕಳಿಸಿದ ಮೆಸೇಜುಗಳು, ಗಂಡ ಇದ್ದಾಗ ಅವರು ತೆಗೆದ ಫೋಟೋಗಳು, ಎಲ್ಲವೂ ಮೇಜರ್ ಕೈಗೆ. ಆ ಬಾಗಿಲು ತೆರೆದುಕೊಟ್ಟವಳು ನಾನು.

ಅಕ್ಕನ ನಂಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಆ ಕಡೆ ಒಲೆಯ ಮೇಲೆ ಏನೋ ಕುದಿಯುವ ಸದ್ದು ಕೇಳುತ್ತಿತ್ತು.

"ನಾಳೆ ಬರ್ತೇನೆ" ಅಂದರು.

"ಮೂರರೊಳಗೆ ಬನ್ನಿ ಅಕ್ಕ. ಮಂಗಳವಾರ ಮೂರರ ಮೇಲೆ ರಾಹುಕಾಲ."

"ರಾಹುಕಾಲ ನಿಮ್ಗೆ. ನಂಗೆ ಬಸ್ಸಿನ ಟೈಮು" ಅಂದು ಫೋನ್ ಇಟ್ಟರು.

ಮಂಗಳವಾರ ಅವರು ಬಂದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ನಾನು ಎದ್ದು ಕುರ್ಚಿ ಎಳೆದು ನನ್ನ ಪಕ್ಕ, ಪರದೆಯ ಎದುರು ಹಾಕಿದೆ. ಕೂತರು.

ಮೊದಲು ಲಾಗಿನ್ ಅವರ ಸ್ವಂತ ನಂಬರಿಗೆ ಬರಬೇಕು. ಇದುವರೆಗೆ ಅದು ಇದ್ದದ್ದು ಗಂಡನ ನಂಬರಿನಲ್ಲಿ. ನಂಬರು ಬದಲಿಸಲು ಹೋದರೆ ಜಾಲತಾಣ ಹಳೆಯ ನಂಬರಿಗೇ ಒಟಿಪಿ ಕಳಿಸುತ್ತದೆ. ಕಳಿಸಿತು, ಬರಲಿಲ್ಲ. ಮತ್ತೆ ಕಳಿಸಿದೆ, ಬರಲಿಲ್ಲ. ನನ್ನ ಅಂಗಡಿಯೊಳಗೆ ಆ ಸಿಮ್ಮಿಗೆ ಸಿಗ್ನಲ್ ಸಿಗುವುದಿಲ್ಲ, ಮೇಲಾಗಿ ಬ್ಯಾಟರಿ ಕೆಂಪಗಾಗಿತ್ತು. ಅಕ್ಕ ಫೋನ್ ಹಿಡಿದು ರಸ್ತೆಗೆ ಇಳಿದರು. ಮೂರನೆಯ ಸಲ ಕಳಿಸಿದೆ. ಅವರು ಆಟೋ ಸ್ಟ್ಯಾಂಡಿನಲ್ಲಿ ನಿಂತು ಒಂದೊಂದೇ ಅಂಕಿಯನ್ನು ಕೂಗಿ ಹೇಳಿದರು, ನಾನು ಒಳಗೆ ಟೈಪ್ ಮಾಡಿದೆ. ಹೋಯಿತು. ಈಗ ಪೇಜು ಅವರ ನಂಬರಿನಲ್ಲಿತ್ತು. ಗಂಟೆ ಮೂರೂ ಐವತ್ತು.

ಒಳಗೆ ಬಂದು ಫೋನನ್ನು ಮೇಜಿನ ಮೇಲಿಟ್ಟರು. "ಇವರ ಕೆಲಸ ಮುಗೀತು" ಅಂದರು. ಫೋನಿನ ಬಗ್ಗೆ ಹೇಳಿದರೋ ಏನೋ, ನಾನು ಕೇಳಲಿಲ್ಲ.

ಪೂರ್ತಿ ಅಧಿಕಾರ ಇರುವವರ ಪಟ್ಟಿ ತೆಗೆದೆ. ಎರಡು ಹೆಸರು. ಮೇಜರ್ ಹೆಸರಿನ ಪಕ್ಕ ತೆಗೆದುಹಾಕಿ ಎಂಬ ಗುಂಡಿ. ನಾನು ಕೈಯನ್ನು ಮೌಸಿನಿಂದ ತೆಗೆದು ಹಿಂದಕ್ಕೆ ಕೂತೆ. ಈ ಸಲ ಒತ್ತುವವಳು ನಾನಾಗಬಾರದು.

"ಅಕ್ಕ, ಒತ್ತಿದ ಕೂಡಲೇ ಅವರ ಫೋನಿಗೆ ಸುದ್ದಿ ಹೋಗುತ್ತೆ. ನಾಳೆ ಮನೆಯಲ್ಲಿ ಮಾತು ಬರುತ್ತೆ. ಐನ್‌ಮನೆಗೂ ಹೋಗುತ್ತೆ ಮಾತು."

"ಹೋಗ್ಲಿ. ಐನ್‌ಮನೆ ದೀಪಕ್ಕೆ ನಾನೂ ಎಣ್ಣೆ ಹಾಕಿದ್ದೇನೆ, ಇಪ್ಪತ್ತಾರು ವರ್ಷ" ಅಂದರು. ಒತ್ತಿದರು. ಜಾಲತಾಣ ಪಾಸ್‌ವರ್ಡ್ ಕೇಳಿತು, ಟೈಪ್ ಮಾಡಿದರು, ಇನ್ನೊಮ್ಮೆ ಒತ್ತಿದರು. ಪಟ್ಟಿಯಲ್ಲಿ ಒಂದು ಹೆಸರು ಉಳಿಯಿತು. ನಾಲ್ಕಕ್ಕೆ ಇನ್ನೂ ಮೂರು ನಿಮಿಷವಿತ್ತು.

ಉಳಿದದ್ದು ವಿಳಾಸ. ಐದರೊಳಗೆ ಪ್ರೆಸ್ಸಿಗೆ ಫೈಲು ಹೋಗಬೇಕು, ನಮ್ಮ ಹತ್ತಿರ ಹೆಸರೇ ಇಲ್ಲ. ಏನು ಕೇಳಬೇಕೋ ತಿಳಿಯದೆ, ಬಾಟಲಿಗಳನ್ನು ಇಷ್ಟು ದಿನ ಹೇಗೆ ಕಳಿಸುತ್ತಿದ್ದಿರಿ ಎಂದು ಕೇಳಿದೆ. ಬಸ್ಸಿನಲ್ಲಿ ಅಂದರು. ಅವರ ಮನೆ ದಾರಿಯ ಸ್ಟಾಪಿಗೆ ಇಲೆವೆನ್ ಮೈಲ್ ಎಂದು ಹೆಸರು. ಯಾವ ಕಾಲದಲ್ಲೋ ಅಲ್ಲೊಂದು ಮೈಲಿಗಲ್ಲು ಇತ್ತಂತೆ. ಕಲ್ಲು ಹೋಗಿ ಎಷ್ಟೋ ಕಾಲವಾಗಿದೆ, ಕಂಡಕ್ಟರ್‌ಗಳು ಕೂಗುವುದು ನಿಂತಿಲ್ಲ. ಡಬ್ಬ ಬಸ್ಸಿಗೆ ಹಾಕಿದರೆ ಆ ಕಡೆ ಇಳಿಸಿಕೊಳ್ಳುವವರು ಕಂಡಕ್ಟರ್ ಹತ್ತಿರ ಏನು ಕೇಳುತ್ತಾರೆ ಅಂದೆ.

"ಇಲೆವೆನ್ ಮೈಲ್ ಅಕ್ಕಂದು ಬಂತಾ ಅಂತ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊಡವರು, ಮಲಯಾಳದವರು, ತೋಟದ ಲೈನುಮನೆಗಳಲ್ಲಿರುವ ತಮಿಳರು, ಎಲ್ಲರೂ ವರ್ಷಗಟ್ಟಲೆ ಟೀ ಪರೀಕ್ಷೆಯಲ್ಲಿ ಪಾಸು ಮಾಡಿದ ಹೆಸರು ಬಸ್ಸಿನಲ್ಲಿ ಓಡಾಡುತ್ತಿತ್ತು. ನಾನು ಅವರನ್ನು ಮೊದಲ ದಿನವೇ ಇದೊಂದು ಪ್ರಶ್ನೆ ಕೇಳಿದ್ದರೆ ಹನ್ನೆರಡು ದಿನ ಉಳಿಯುತ್ತಿತ್ತು.

ಬರೀ ಇಲೆವೆನ್ ಮೈಲ್ ಎಂದು ಹಾಕಿದೆ, ಕೆಂಪು. ಯಾವುದೋ ದೂರದ ದೇಶದವರು ಇಟ್ಟುಕೊಂಡು ಕೈಬಿಟ್ಟ ಪೇಜು. ಅದರ ಮುಂದೆ ಅಕ್ಕ ಎಂದು ಸೇರಿಸಿದೆ. ಹಸಿರು. ಗೋಡೆ ಗಡಿಯಾರ ನೋಡಿದೆ. ನಾಲ್ಕೂ ಎಂಟು, ತುಂಬಿದ ರಾಹುಕಾಲ. ಅಪ್ಪನ ಮುಖ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಅಕ್ಕ ಒತ್ತಿದರು.

ಮೆಸೇಜು ಕಳಿಸಿದವರಿಗೆ ತಾನಾಗಿ ಹೋಗುವ ಉತ್ತರವೊಂದನ್ನೂ ಇಡಬಹುದು ಎಂದೆ. ನಾನು ಬರೆದದ್ದು ಚೆನ್ನಾಗಿತ್ತು. ಕೊಡಗಿನ ಕಾಡಿನ ಸೊಗಡಿಗೆ ಸ್ವಾಗತ ಎಂದೇನೋ ಶುರುವಾಗುತ್ತಿತ್ತು. ಅಕ್ಕ ಓದಿ, "ಇದೆಲ್ಲ ಯಾಕೆ? ನಮಸ್ಕಾರ, ಎಷ್ಟು ಬಾಟ್ಲಿ ಬೇಕು, ಅಷ್ಟೇ ಹಾಕಿ" ಅಂದರು. ಅಷ್ಟೇ ಹಾಕಿದೆ. ಅಳಿಯನನ್ನು ಹೀಯಾಳಿಸಿದ ನನಗೂ ಎಲೆಯ ಮೇಲಿನ ಹನಿಯ ಚಪಲ ಇತ್ತೆಂದು ಆಗ ತಿಳಿಯಿತು. ನಾಲ್ಕೂ ನಲವತ್ತಕ್ಕೆ ಲೇಬಲ್ಲಿನ ಫೈಲು ಪ್ರೆಸ್ಸಿಗೆ ಹೋಯಿತು. ಅಕ್ಕ ಹಳೆಯ ಫೋನಿನ ಗುಂಡಿಯನ್ನು ಪರದೆ ಕಪ್ಪಾಗುವವರೆಗೆ ಒತ್ತಿ ಹಿಡಿದು, ಸೀರೆಯ ಸೆರಗಿನಿಂದ ಗಾಜು ಒರೆಸಿ, ಚೀಲದ ತಳಕ್ಕೆ ಇಟ್ಟುಕೊಂಡು ಬಸ್ಸಿಗೆ ಹೊರಟರು.

ಗುರುವಾರ ಐನ್‌ಮನೆಯಲ್ಲಿ ದೀಪ ಹಚ್ಚಿದರಂತೆ, ಮುಹೂರ್ತ ಮೀರಬಾರದೆಂದು. ಹಿರಿಯರಿಗೆ ಏನು ಹೇಳಿದರೋ ಗೊತ್ತಿಲ್ಲ, ಹೇಳಲು ಏನೂ ಉಳಿದಿರಲಿಲ್ಲ. ಊಟ ಚೆನ್ನಾಗಿತ್ತೆಂದು ಕೇಳಿದೆ.

ಮೇಜರ್ ಬಂದದ್ದು ಮೂರು ವಾರ ಕಳೆದ ಮೇಲೆ, ಮೈಸೂರಿನ ಅಂಗಡಿಯ ಕಪಾಟಿನಲ್ಲಿ ಬಾಟಲಿಗಳು ಕೂತ ಮೇಲೆ. ಸೀದಾ ಬಂದು ಕುರ್ಚಿಯಲ್ಲಿ ಕೂತರು.

"ಯಾರು ನನ್ನ ತೆಗ್ದದ್ದು?"

"ಪೇಜಿನ ಯಜಮಾನ್ರು ಸರ್."

"ಯಾವ ಯಜಮಾನ?"

"ಅಕ್ಕ."

"ಮನೆತನದ ಹೆಸರು ಬಿಟ್ಟು ಬಸ್ ಸ್ಟಾಪ್ ಹೆಸರು ಇಟ್ಟಿದ್ದೀರಿ. ಕ್ಲಬ್ಬಲ್ಲಿ ಒಬ್ಬ ಬಂದು ಕೇಳ್ತಾನೆ, ಇಲೆವೆನ್ ಮೈಲ್ ಅಕ್ಕ ನಿಮ್ಮ ಮನೆಯವ್ರಾ ಅಂತ!"

"ಆ ಹೆಸರನ್ನ ಅವರು ಎಷ್ಟು ಸಲ ಹೇಳಿದ್ರು ಸರ್?"

"ಒಂದ್ಸಲ. ಯಾಕೆ?"

ಏನಿಲ್ಲ ಅಂದೆ. ಮೇಜರ್ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಅವಳ ಹತ್ರ ಮಾತಾಡ್ಬೇಕು. ತಮ್ಮನ ನಂಬರಿಗೆ ಮಾಡಿದ್ರೆ ಆಫ್ ಬರ್ತದೆ. ಅವಳದ್ದು ಬೇರೆ ಉಂಟಂತೆ. ಕೊಡಿ."

ಅವರ ಮನೆಯಿಂದ ಅಕ್ಕನ ಮನೆಗೆ ಜೀಪಿನಲ್ಲಿ ಹತ್ತು ನಿಮಿಷ. ಆದರೆ ತಮ್ಮನ ಹೆಂಡತಿಯ ಬಾಗಿಲಿಗೆ ತಾವಾಗಿ ಹೋಗಿ ನಿಲ್ಲುವ ಮನುಷ್ಯ ಅವರಲ್ಲ.

"ಗಿರಾಕಿಗಳ ನಂಬರ್ ನಾವು ಕೊಡಲ್ಲ ಸರ್. ಪೇಜಿಗೆ ಮೆಸೇಜ್ ಹಾಕಿ. ವಿಳಾಸ ನಿಮಗೆ ಗೊತ್ತಲ್ಲ."

ನಾನು ಜೆರಾಕ್ಸ್ ಮಿಷನ್ನಿಗೆ ಕಾಗದ ತುಂಬತೊಡಗಿದೆ. ಮೇಜರ್ ಕೊನೆಗೆ ಕನ್ನಡಕ ಹಾಕಿಕೊಂಡು ಒಂದೇ ಬೆರಳಿನಲ್ಲಿ ಒತ್ತಲು ಶುರು ಮಾಡಿದರು. ತಾವು ಇಪ್ಪತ್ತಾರು ವರ್ಷ ಇವಳು ಎಂದೇ ಕರೆದ ಹೆಂಗಸಿನ ವಿಳಾಸವನ್ನು, ಅಕ್ಷರಕ್ಕೆ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ, ಕೊನೆಯ ಅಕ್ಕದವರೆಗೆ ಟೈಪ್ ಮಾಡಿದರು. ಎಲ್ಲಿಯೂ ತಡವರಿಸಲಿಲ್ಲ. ಪೇಜು ತೆರೆಯಿತು. "ನಾನು ಭಾವ, ಕೂಡಲೇ ಫೋನ್ ಮಾಡು" ಎಂದು ಬರೆದು ಕಳಿಸಿದರು.

ಅರೆಕ್ಷಣದಲ್ಲಿ ಫೋನ್ ಸದ್ದು ಮಾಡಿತು. ಮೇಜರ್ ನನ್ನ ಕಡೆ ಗೆದ್ದವರ ಹಾಗೆ ನೋಡಿ, ಫೋನನ್ನು ಕಣ್ಣಿನಿಂದ ದೂರ ಹಿಡಿದು ಗಟ್ಟಿಯಾಗಿ ಓದಿದರು.

"ನಮಸ್ಕಾರ. ಎಷ್ಟು ಬಾಟ್ಲಿ ಬೇಕು?"